ನೆಲಮಾಳಿಗೆಗೆ ಇಳಿಯದವನು

ಒಕ್ಲಹೋಮಾದ ಸಾಲ್ಟ್ ಕ್ರೀಕ್ ಹಳ್ಳದ ಆಸುಪಾಸಿನ ಓಸೇಜ್ ಬುಡಕಟ್ಟಿನ ಜನರಲ್ಲಿ ಒಂದು ಮಾತು ಬಳಕೆಗೆ ಬಂದುಬಿಟ್ಟಿತ್ತು. ಸುಂಟರಗಾಳಿ ಹತ್ತಿರ ಬಂತೋ ಇಲ್ಲವೋ ತಿಳಿಯಬೇಕಾದರೆ ರೇಡಿಯೋ ಕೇಳಬೇಡಿ, ಕ್ಲೆಮೆಂಟ್ ರೆಡ್‌ಎಲ್ಕ್‌ನ ಜಗಲಿ ನೋಡಿ. ಅವನು ಅಲ್ಲಿ ನಿಂತಿರುವ ತನಕ ಹೆದರಬೇಕಾಗಿಲ್ಲ. ಕಷ್ಟವೆಂದರೆ, ಅವನು ಯಾವಾಗಲೂ ಅಲ್ಲಿ ನಿಂತೇ ಇರುತ್ತಿದ್ದ.

ವಸಂತ ಬಂತೆಂದರೆ ಆ ಸೀಮೆಯ ಆಕಾಶಕ್ಕೆ ಹುಚ್ಚು ಹಿಡಿಯುತ್ತದೆ. ಬೆಳಿಗ್ಗೆ ಕುರಿಮರಿಯಂತೆ ಸಾಧುವಾಗಿದ್ದ ಮೋಡ ಸಂಜೆಯೊಳಗೆ ಕರಡಿಯಾಗಿ ಎದ್ದು ನಿಲ್ಲುತ್ತದೆ. ಫೇರ್‌ಫ್ಯಾಕ್ಸ್ ಪೇಟೆಯ ಸೈರನ್ನು ಕೂಗಿದ್ದೇ ತಡ, ಹೆಂಗಸರು ಒಲೆ ಆರಿಸಿ, ಕೂಸುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಹಿತ್ತಲಿನ ನೆಲಮಾಳಿಗೆಗೆ ಇಳಿದು ಬಾಗಿಲು ಎಳೆದುಕೊಳ್ಳುತ್ತಾರೆ. ಕ್ಲೆಮೆಂಟನ ಹೆಂಡತಿ ಲಿಯೋಟಾ ಕೂಡ ಮಗಳು ರೋಸಲಿಯ ಕೈಹಿಡಿದು ಹಾಗೆಯೇ ಇಳಿಯುತ್ತಿದ್ದಳು. ಕ್ಲೆಮೆಂಟ್ ಮಾತ್ರ ಜಗಲಿಯ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಪಡುವಣಕ್ಕೆ ಮುಖಮಾಡಿ ನಿಂತುಬಿಡುತ್ತಿದ್ದ. ರಸ್ತೆಯಲ್ಲಿ ಟ್ರಕ್ಕು ಓಡಿಸಿಕೊಂಡು ಹೋಗುವವರು ಅವನನ್ನು ಕಂಡು, "ನೋಡ್ರೋ, ಗಾಳಿ ಜೊತೆ ಕುಸ್ತಿಗೆ ನಿಂತವ್ನೆ," ಎಂದು ಹೆಮ್ಮೆಪಡುತ್ತಿದ್ದರು.

ಆ ಕೈ ಕಂಬವನ್ನು ಯಾಕೆ ಹಿಡಿದಿತ್ತು ಎನ್ನುವುದು ಲಿಯೋಟಾಳಿಗೊಬ್ಬಳಿಗೇ ಗೊತ್ತು. ಬಿಟ್ಟರೆ ಅವನು ಬೀಳುತ್ತಿದ್ದ. ಗಾಳಿ ಬೇರೆ ದಿಕ್ಕಿಗೆ ತಿರುಗಿ ಹೋದ ಮೇಲೆ ಅವನು ಮನೆಯ ಹಿಂದೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿರುತ್ತಿತ್ತು. ಸುಂಟರಗಾಳಿಯ ಭಯ ಅವನಿಗೂ ಎಲ್ಲರಷ್ಟೇ ಇತ್ತು. ನೆಲದೊಳಗಿನ ಆ ಕತ್ತಲೆ ತೂತಿನ ಭಯ ಮಾತ್ರ ಅದರ ನೂರುಪಟ್ಟು.

ಅದು ಅವನು ಇಟಲಿಯಿಂದ ಹೊತ್ತು ತಂದ ಭಯ. ಮೂವತ್ತು ವರ್ಷದ ಹಿಂದೆ, ಎರಡನೇ ಮಹಾಯುದ್ಧದಲ್ಲಿ, ಆಂಝಿಯೋ ಎಂಬ ಕಡಲದಂಡೆಯಲ್ಲಿ, ಒಕ್ಲಹೋಮಾದ ಹುಡುಗರೇ ತುಂಬಿದ್ದ ದಳದಲ್ಲಿ ಅವನೊಬ್ಬ ಸಿಪಾಯಿ. ಒದ್ದೆ ಮಣ್ಣಿನಲ್ಲಿ ಗುಂಡಿ ತೋಡಿ, ಮೇಲೆ ರೈಲುಹಳಿಯ ದಿಮ್ಮಿಗಳನ್ನು ಹೊದಿಸಿ, ಅದರ ಮೇಲೆ ಮಣ್ಣೆಳೆದು, ಅವನೂ ಹಾಮಿನಿ ಊರಿನ ಗೆಳೆಯ ವಿಲ್ಬರನೂ ಒಳಗೆ ಮಲಗಿದ್ದರು. ಶೆಲ್ಲು ಸರಿಯಾಗಿ ನೆತ್ತಿಯ ಮೇಲೆ ಬಿತ್ತು. ದಿಮ್ಮಿಗಳು ಮುರಿದವು, ಮಣ್ಣು ಒಳಗೆ ಬಂತು. ಕಣ್ಣಿಗೆ, ಮೂಗಿಗೆ, ಬಾಯಿಗೆ ಮಣ್ಣು. ಕೈ ಎತ್ತಲು ಜಾಗವಿಲ್ಲ, ಕೂಗಲು ಉಸಿರಿಲ್ಲ. ಕಾಲ ಹತ್ತಿರ ಎಲ್ಲೋ ವಿಲ್ಬರ್ ಅವನ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದಿದ್ದ. ಮೊದಮೊದಲು ಆ ಹಿಡಿತ ಬಿಗಿಯಾಯಿತು. ಆಮೇಲೆ ಸಡಿಲವಾಯಿತು. ಆಮೇಲೆ ಅದು ಬರೀ ಕಾಲಿಗೆ ತಾಗಿಕೊಂಡ ಒಂದು ವಸ್ತುವಾಯಿತು.

ಜೊತೆಯವರು ಕ್ಲೆಮೆಂಟನನ್ನು ತಲೆಗೂದಲು ಹಿಡಿದು ಈಚೆಗೆಳೆದರು. ಮಾರನೆಯ ಬೆಳಿಗ್ಗೆ ಜರ್ಮನ್ನರು ನುಗ್ಗಿ ಬಂದಾಗ ಸಾರ್ಜೆಂಟ್ ಎಲ್ಲರಿಗೂ ಗುಂಡಿಗಿಳಿಯಿರೆಂದು ಕಿರುಚಿದ. ಎಲ್ಲರೂ ಇಳಿದರು. ಕ್ಲೆಮೆಂಟನ ಕಾಲು ಇಳಿಯಲಿಲ್ಲ. ಅವನು ಒಡೆದ ಗೋಡೆಯೊಂದರ ಪಕ್ಕದಲ್ಲಿ, ಬಟ್ಟಬಯಲಲ್ಲಿ, ನೆಟ್ಟಗೆ ನಿಂತು ಮೆಷಿನ್‌ಗನ್ ಹಾರಿಸಿದ. ಯಾಕೆಂದು ಕೇಳಿದ್ದರೆ ಅವನು ಹೇಳಬಹುದಾದ ಉತ್ತರ ಒಂದೇ ಆಗಿತ್ತು: ಕೂತರೆ ಮಣ್ಣು ಹತ್ತಿರವಾಗುತ್ತದೆ. ಯಾರೂ ಕೇಳಲಿಲ್ಲ. ಶತ್ರುಗಳು ಆ ಗೋಡೆಯನ್ನು ದಾಟಲಾಗಲಿಲ್ಲ. ಅವನಿಗೆ ಬೆಳ್ಳಿ ನಕ್ಷತ್ರದ ಪದಕ ಬಂತು.

ಊರಿಗೆ ಬಂದಾಗ ಹಿರಿಯರು ಅವನ ಹೆಸರಿನಲ್ಲಿ ಒಂದು ಹಾಡು ಕಟ್ಟಿದರು. ಗುಂಡಿನ ಮಳೆಯಲ್ಲಿ ತಲೆ ಬಗ್ಗಿಸದೆ ನಿಂತವನು ಎಂದು ಅದರ ಅರ್ಥ. ಪ್ರತಿ ಜೂನ್‌ನಲ್ಲಿ ಕುಣಿತದ ಚಪ್ಪರದಡಿ ನಗಾರಿಯ ಸುತ್ತ ಕೂತವರು ಆ ಹಾಡನ್ನೆತ್ತಿದಾಗ ಕ್ಲೆಮೆಂಟ್ ಎದ್ದು ಕುಣಿಯಬೇಕು, ಮನೆಯವರೆಲ್ಲ ಹಿಂದೆ ಕುಣಿಯಬೇಕು. ಗೆಜ್ಜೆ ಕಟ್ಟಿದ ಕಾಲು ತಾನಾಗಿ ಹೆಜ್ಜೆ ಹಾಕುತ್ತಿದ್ದರೂ ಅವನ ಎದೆಯೊಳಗೆ ಒಂದೇ ಮಾತು: ಇವತ್ತು ಯಾರಿಗಾದರೂ ಗೊತ್ತಾಗಿಬಿಡುತ್ತೆ.

ಗೊತ್ತಾಗಲಿಲ್ಲ. ಅವನು ಬುಡಕಟ್ಟಿನ ಕೌನ್ಸಿಲ್‌ಗೆ ಆರಿಸಿಬಂದ. ಎಣ್ಣೆಬಾವಿಯ ಉಪ್ಪುನೀರನ್ನು ಹಳ್ಳಕ್ಕೆ ಬಿಡುತ್ತಿದ್ದ ಕಂಪನಿಯವರನ್ನು ಪಾವ್‌ಹಸ್ಕಾ ಊರಿನ ಕೌನ್ಸಿಲ್ ಸಭೆಯಲ್ಲಿ ನಿಲ್ಲಿಸಿ, ಆ ನೀರನ್ನೇ ಲೋಟದಲ್ಲಿ ತುಂಬಿ ಅವರ ಮುಂದಿಟ್ಟು, "ಕುಡೀರಿ, ಆಮೇಲೆ ಮಾತಾಡೋಣ," ಎಂದವನು ಅವನೇ. ಹೀಗೆ ಹೆಸರು ಬೆಳೆಯಿತು. ಐವತ್ತನಾಲ್ಕನೇ ವಯಸ್ಸಿಗೆ ಬುಡಕಟ್ಟಿನ ಉಪಮುಖ್ಯಸ್ಥನ ಸ್ಥಾನಕ್ಕೆ ನಿಲ್ಲಬೇಕೆಂದು ಜನ ಒತ್ತಾಯ ಮಾಡಿದರು. ಎದುರಾಳಿ ಆಂಬ್ರೋಸ್ ಡುಶೇನ್, ಎಣ್ಣೆಬಾವಿ ಕೊರೆಯುವ ಕೆಲಸದ ಮೇಸ್ತ್ರಿ. ದಪ್ಪ ಆಳು, ದೊಡ್ಡ ಗಂಟಲು, ಯಾರ ಮರ್ಯಾದೆಯನ್ನೂ ಬಾಕಿ ಇಡದ ನಾಲಗೆ.

ಚುನಾವಣೆಗೆ ಇನ್ನೂ ಕೆಲವು ವಾರಗಳಿದ್ದಾಗ, ಮೇ ತಿಂಗಳ ಒಂದು ಭಾನುವಾರ, ರೋಸಲಿಯ ಕೂಸಿಗೆ ಹೆಸರಿಟ್ಟರು. ಬೆಳಗಿನ ಜಾವ ಕುಲದ ಹಿರಿಯ ಬಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಹೋದ. ಮಧ್ಯಾಹ್ನ ಸಮುದಾಯದ ಹಜಾರದಲ್ಲಿ ಎಲ್ಲರಿಗೂ ಊಟ. ಹಜಾರದ ಪಕ್ಕದ ಚಪ್ಪರದಡಿ ಉದ್ದನೆಯ ಬೆಂಕಿ ಹಾಸಿ, ಅದರ ಮೇಲೆ ಹಂಡೆಗಳನ್ನು ತೂಗುಹಾಕಿದ್ದರು. ಒಣಗಿಸಿದ ಮೆಕ್ಕೆಜೋಳವನ್ನು ಮಾಂಸದ ಜೊತೆ ಬೇಯಿಸಿದ ಸಾರು, ಕರಿದ ರೊಟ್ಟಿ, ಕಾಡುದ್ರಾಕ್ಷಿ ರಸದಲ್ಲಿ ಬೆಂದ ಕಡುಬು. ಅಡುಗೆಯ ಯಜಮಾನಿಕೆ ಕ್ಲೆಮೆಂಟನ ಸೋದರತ್ತೆ ಜೋಸೆಫೀನಳದು. ಎಂಬತ್ತು ದಾಟಿದ್ದರೂ ಅವಳ ಮಾತಿಲ್ಲದೆ ಹಂಡೆಗೆ ಉಪ್ಪು ಬೀಳುತ್ತಿರಲಿಲ್ಲ.

ಎದುರಾಳಿಯೆಂದು ಊಟಕ್ಕೆ ಕರೆಯದೆ ಬಿಡುವ ಪದ್ಧತಿ ಅಲ್ಲಿಲ್ಲ. ಆಂಬ್ರೋಸನೂ ಬಂದು, ಎರಡನೇ ಸಲ ಬಡಿಸಿಕೊಂಡು, "ಕ್ಲೆಮ್, ನಿನ್ ಸಾರು ತಿಂದು ನಿನಗೇ ವಿರುದ್ಧ ನಿಂತಿದೀನಲ್ಲ, ನನಗೆ ನರಕಾನೇ ಗತಿ," ಎಂದ.

"ನರಕದಲ್ಲಿ ನಿನಗೆ ಆಗೋ ಕುರ್ಚಿ ಇಲ್ಲ ಬಿಡು," ಎಂದ ಕ್ಲೆಮೆಂಟ್. ಸುತ್ತ ಕೂತವರು ನಕ್ಕರು.

ಆ ನಗು ಇನ್ನೂ ಮುಗಿದಿರಲಿಲ್ಲ, ಗಾಳಿ ನಿಂತಿತು. ಬೆಳಗಿನಿಂದ ಚಪ್ಪರದ ಸೊಪ್ಪನ್ನು ಅಲ್ಲಾಡಿಸುತ್ತಿದ್ದ ತೆಂಕಣ ಗಾಳಿ, ಯಾರೋ ಬಾಗಿಲು ಹಾಕಿದಂತೆ ನಿಂತುಹೋಯಿತು. ಬೆಂಕಿಯ ಹೊಗೆ ನೆಟ್ಟಗೆ ಮೇಲೇರಿತು. ಕ್ಲೆಮೆಂಟ್ ಎದ್ದು ಹಜಾರದ ಜಗಲಿಗೆ ಬಂದ. ಪಡುವಣ ದಿಕ್ಕು ಹಸಿರಾಗಿತ್ತು. ಹುಲ್ಲಿನ ಹಸಿರಲ್ಲ, ಹಳೆಯ ಗಾಯದ ಸುತ್ತ ಕಾಣುವಂಥ ಹಸಿರು. ಅದರ ಕೆಳಗೆ ಮೋಡದ ಹೊಟ್ಟೆ ನೆಲದ ಕಡೆಗೆ ಜೋತುಬಿದ್ದಿತ್ತು. ಒಂದು ಹಕ್ಕಿಯ ದನಿಯೂ ಇಲ್ಲ. ದೂರದ ಫೇರ್‌ಫ್ಯಾಕ್ಸ್‌ನ ಸೈರನ್ನು ಸೊಳ್ಳೆಯ ಗುಂಯ್ ಎನ್ನುವಷ್ಟೇ ಕೇಳಿಸಿತು.

ಅವನ ಕೈ ತಾನಾಗಿ ಜಗಲಿಯ ಕಂಬ ಹುಡುಕಿಕೊಂಡಿತು. ಹಜಾರದ ಹಿಂದೆ ಕಲ್ಲು ಕಟ್ಟಿದ ನೆಲಮಾಳಿಗೆ ಇತ್ತು, ಕಬ್ಬಿಣದ ಬಾಗಿಲಿನದು, ಅವನ ಅಪ್ಪನ ಕಾಲದಲ್ಲಿ ತೋಡಿದ್ದು. ಅದು ಅಲ್ಲಿದೆ ಎನ್ನುವುದು ಬೆನ್ನಿಗೆ ತಣ್ಣಗೆ ತಾಗುತ್ತಿತ್ತು.

ಹೆಂಗಸರು ಮಕ್ಕಳನ್ನೆತ್ತಿಕೊಂಡು ಹೊರಟರು. ಬಾಗಿಲಿಗೆ ಬಂದವರು ಕ್ಲೆಮೆಂಟ್ ನಿಂತಿದ್ದು ಕಂಡು ನಿಧಾನಿಸಿದರು. ಚಪ್ಪರದಿಂದ ಜೋಸೆಫೀನ್ ಕೂಗಿ ಹೇಳಿದಳು: "ಯಾಕ್ರೇ ಹೀಗೆ ಕೋಳಿ ಥರ ಓಡಾಡ್ತೀರ? ಕ್ಲೆಮ್ ನಿಂತವ್ನೆ ಕಾಣಲ್ವಾ? ಕೂತ್ಕೊಳ್ರಿ, ಸಾರು ಆರೋಗ್ತದೆ." ಡ್ವೇನ್ ಎಂಬ ದಾಂಡಿಗನೂ ಅವನ ಇಬ್ಬರು ಗೆಳೆಯರೂ ಬಂದು ಎದೆಯ ಮೇಲೆ ಕೈಕಟ್ಟಿ ಕ್ಲೆಮೆಂಟನ ಪಕ್ಕದಲ್ಲಿ ನಿಂತರು. "ಚಿಕ್ಕಪ್ಪ ಇಲ್ಲಿರುವಾಗ ನಾವ್ಯಾಕೆ ಇಲಿ ಥರ ಬಿಲ ಸೇರ್ಕೋಬೇಕು?" ಎಂದ ಡ್ವೇನ್. ಊರಿನ ಹುಡುಗರಿಗೆಲ್ಲ ಕ್ಲೆಮೆಂಟ್ ಚಿಕ್ಕಪ್ಪನೇ.

ಆಗ ಹಾರೆಸ್ ಬಂದ. ಕ್ಲೆಮೆಂಟನ ತಂಗಿ ವೆಲ್ಮಾಳ ಗಂಡ, ಮೆತ್ತಗಿನ ಮನುಷ್ಯ, ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅವನಿಗೆ ಭಾವನೆಂದರೆ ದೇವರು. ಈಚೆಗೆ ಒಂದೆರಡು ವರ್ಷದಿಂದ ಅವನೂ ಸೈರನ್ನು ಕೂಗಿದಾಗ ತನ್ನ ಜಗಲಿಯಲ್ಲಿ ನಿಲ್ಲುವುದನ್ನು ರೂಢಿಮಾಡಿಕೊಂಡಿದ್ದ. ಕೈಯಲ್ಲಿ ಕಾಫಿಯ ಬಟ್ಟಲಿತ್ತು.

"ಭಾವ, ನನ್ ಕುದುರೆಗಳನ್ನ ಹಳ್ಳದಾಚೆ ದೊಡ್ಡಿಲಿ ಕಟ್ಟಿಹಾಕಿದೀನಿ. ಓಡಿಹೋಗಿ ಬಿಚ್ಚಿ ಬಂದ್ಬಿಡ್ತೀನಿ. ಟೈಮ್ ಇದೆ ಅಲ್ವಾ?"

ಕ್ಲೆಮೆಂಟ್ ಬಾಯಿ ತೆರೆದ. ಬೇಡ ಎನ್ನಬೇಕಿತ್ತು. ಬಾಯಿಂದ ದನಿ ಹೊರಟರೆ ಅದು ಕೀರಲಾಗಿ ಹೊರಟು ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎನ್ನಿಸಿತು. ಅವನು ಹೌದೆನ್ನುವಂತೆ ತಲೆಯಾಡಿಸಿದ.

ಹಾರೆಸ್ ಬಟ್ಟಲನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಟ್ರಕ್ಕು ಹತ್ತಿ ಹೊರಟುಹೋದ.

ಲಿಯೋಟಾ ಮೊಮ್ಮಗುವನ್ನೆತ್ತಿಕೊಂಡು ಬಂದು ಗಂಡನ ಎದುರು ನಿಂತಳು. ಮೆಲ್ಲಗೆ, ಬೇರೆಯವರಿಗೆ ಕೇಳಿಸದಂತೆ ಹೇಳಿದಳು. "ಕ್ಲೆಮ್, ಇಳಿ."

"ನೀನು ಎಲ್ಲರನ್ನೂ ಕರ್ಕೊಂಡು ಹೋಗು."

"ನಾನು ಕರೆದ್ರೆ ಬರ್ತಾರಾ? ನಿನ್ನ ಹೆಂಡ್ತಿ ಪುಕ್ಲಿ ಅಂತ ನಗ್ತಾರೆ."

"ಹೋಗ್ರೋ ಅಂತ ನಾನೇ ಹೇಳ್ತೀನಿ."

"ಅವರು ನಿನ್ನ ಬಾಯಿ ನೋಡ್ತಿಲ್ಲ. ನಿನ್ನ ಕಾಲು ನೋಡ್ತಿದಾರೆ."

ಪಡುವಣದಲ್ಲಿ, ದಿಬ್ಬದ ಆಚೆ, ಮೋಡದ ಹೊಟ್ಟೆಯಿಂದ ಒಂದು ಸೊಂಡಿಲು ಇಳಿಯಿತು. ಮೊದಲು ಅದು ತೆಳ್ಳಗಿತ್ತು, ತಡವರಿಸಿ ತಡವರಿಸಿ ನೆಲ ಹುಡುಕುವಂತಿತ್ತು. ನೆಲ ಸಿಕ್ಕಿತು. ಬುಡದಲ್ಲಿ ಕೆಂಪು ಧೂಳೆದ್ದು ಅದು ಒಮ್ಮೆಲೇ ದಪ್ಪವಾಯಿತು. ಸದ್ದು ಇನ್ನೂ ಬಂದಿರಲಿಲ್ಲ. ಅದು ಪಕ್ಕಕ್ಕೆ ಸರಿಯುತ್ತಿಲ್ಲ, ನಿಂತಲ್ಲೇ ದೊಡ್ಡದಾಗುತ್ತಿದೆ ಎಂಬುದನ್ನು ಕ್ಲೆಮೆಂಟ್ ನೋಡಿದ. ಪಕ್ಕಕ್ಕೆ ಸರಿಯದೆ ದೊಡ್ಡದಾಗುವುದೆಂದರೆ ನೇರ ಇತ್ತಲೇ ಬರುತ್ತಿದೆ ಎಂದರ್ಥ.

ಅವನು ಕಂಬವನ್ನು ಬಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. ಲಿಯೋಟಾ ಒಂದೊಂದೇ ಬೆರಳನ್ನು ಎತ್ತಿ ಬಿಡಿಸಿದಳು, ನಿದ್ದೆಹೋದ ಕೂಸಿನ ಮುಷ್ಟಿಯಿಂದ ಏನನ್ನೋ ತೆಗೆಯುವಂತೆ. ಅವನು ಜಗಲಿಯ ಮೆಟ್ಟಿಲಿಳಿದ. ಹಜಾರದ ಗೋಡೆಯನ್ನು ಅಂಗೈಯಲ್ಲಿ ಸವರಿಕೊಂಡು ಹಿಂಬದಿಗೆ ನಡೆದ. ಹಿಂದಿನಿಂದ ಡ್ವೇನ್ ಕೂಗಿದ್ದು ಕೇಳಿಸಿತು: "ಅಯ್ಯಯ್ಯೋ, ಚಿಕ್ಕಪ್ಪನೇ ಇಳೀತಿದಾರೆ! ನಡೀರಿ, ನಡೀರೋ!" ಬೆಂಚುಗಳು ಉರುಳಿದವು. ನೂರು ಕಾಲು ಒಟ್ಟಿಗೆ ಓಡಿದವು.

ಕಬ್ಬಿಣದ ಬಾಗಿಲು ತೆರೆದಿತ್ತು. ಕಲ್ಲಿನ ಮೆಟ್ಟಿಲುಗಳು ಕತ್ತಲೆಗೆ ಇಳಿದಿದ್ದವು. ಒಳಗಿನಿಂದ ಹಸಿಮಣ್ಣಿನ ವಾಸನೆ ಬಂತು. ಆ ವಾಸನೆ ಇಟಲಿಯದಾದರೇನು, ಒಕ್ಲಹೋಮಾದ್ದಾದರೇನು. ನಿಂತು ಇಳಿಯಲಾಗದೆ ಕ್ಲೆಮೆಂಟ್ ಮೊದಲ ಮೆಟ್ಟಿಲ ಮೇಲೆ ಕುಳಿತ. ಅಂಬೆಗಾಲಿಡುವ ಕೂಸು ಇಳಿಯುವಂತೆ ಕುಂಡೆ ಜಾರಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಬೆನ್ನ ಮೇಲೆ ಲಿಯೋಟಾಳ ಮೊಣಕಾಲು ಒತ್ತುತ್ತಿತ್ತು. ಅವನು ಯೋಚಿಸಿರದ ಒಂದು ಸಂಗತಿ ಕೆಳಗೆ ಹೋದ ಮೇಲೆ ತಿಳಿಯಿತು. ಮೊದಲು ಇಳಿದವನು ಹಿಂದಿನವರಿಗೆ ಜಾಗ ಬಿಡಬೇಕು. ಎಲ್ಲಕ್ಕಿಂತ ಆಳಕ್ಕೆ, ಕೊನೆಯ ಗೋಡೆಯವರೆಗೆ, ಹೋಗಬೇಕು.

ಜನ ನುಗ್ಗಿದರು. ಆಂಬ್ರೋಸ್ ಜೋಸೆಫೀನಳನ್ನು ಮೂಟೆಯಂತೆ ಹೆಗಲ ಮೇಲೆ ಹೊತ್ತು ತಂದ. "ಬಿಡೋ ಹಂದಿ, ನನ್ ಹಂಡೆ ಒಲೆ ಮೇಲೈತೆ!" ಎಂದು ಅವಳು ಅವನ ಬೆನ್ನಿಗೆ ಗುದ್ದುತ್ತಿದ್ದಳು. ಮೈಗೆ ಮೈ ಒತ್ತಿತು. ಕ್ಲೆಮೆಂಟನ ಕೆನ್ನೆ ತಣ್ಣನೆಯ ಕಲ್ಲಿಗೆ ತಾಗಿತು. ಬಾಗಿಲ ಹತ್ತಿರದಿಂದ ವೆಲ್ಮಾಳ ದನಿ: "ಹಾರೆಸ್ ಎಲ್ಲಿ? ಹಾರೆಸ್ ಬಂದ್ರಾ? ಯಾರಾದ್ರೂ ನೋಡಿದ್ರಾ?"

ಕ್ಲೆಮೆಂಟನಿಗೆ ಉತ್ತರ ಗೊತ್ತಿತ್ತು.

"ಬಾಗಿಲು ಹಾಕೋ ಡ್ವೇನ್!" ಎಂದು ಆಂಬ್ರೋಸ್ ಗರ್ಜಿಸಿದ.

"ಬೇಡ! ನನ್ ಗಂಡ ಹೊರಗಿದಾನೆ!"

ಆಗ ಸದ್ದು ಬಂತು. ಸಾವಿರ ಕಾಡುಕೋಣ ಓಡಿ ಬರುತ್ತಿರುವಂಥ ಸದ್ದು. ನೆಲ ನಡುಗಿತು, ಹಲ್ಲು ನಡುಗಿತು. ಡ್ವೇನ್ ಬಾಗಿಲೆಳೆದು ಅಗುಳಿ ಹಾಕಿದ. ಕತ್ತಲೆಯಾಯಿತು. ಕಿವಿಯೊಳಗೆ ಏನೋ ಪಟ್ಟೆಂದು ಒಡೆದಂತಾಯಿತು. ತಲೆಯ ಮೇಲೆ ಹಜಾರ ಕಿತ್ತು ಹೋಗುವುದು, ಹಲಗೆ ಹಲಗೆಯಾಗಿ, ಮೊಳೆ ಮೊಳೆಯಾಗಿ ಕೇಳಿಸಿತು. ಕೊನೆಗೊಂದು ಭಾರ ಬಾಗಿಲ ಮೇಲೆ ಧೊಪ್ಪೆಂದು ಬಿತ್ತು. ಕಲ್ಲಿನ ಸಂದುಗಳಿಂದ ಮಣ್ಣು ಸುರಿಯಿತು.

ಮಣ್ಣು ಕ್ಲೆಮೆಂಟನ ತುಟಿಯ ಮೇಲೆ ಬಿತ್ತು.

ಆ ಮೇಲಿನದನ್ನು ಅವನು ಮಾಡಿದನೆನ್ನುವಂತಿಲ್ಲ, ಅವನ ಮೈ ಮಾಡಿತು. ಅವನು ಕೂಗಿದ. ಮನುಷ್ಯನ ಕೂಗಲ್ಲ, ಬಲೆಗೆ ಸಿಕ್ಕಿದ ಪ್ರಾಣಿಯದು. ಗೋಡೆಯನ್ನು ಉಗುರಿನಿಂದ ಕೆರೆದ. ಮುಂದಿದ್ದವರನ್ನು ಒದ್ದು, ತುಳಿದು, ಅವರ ಹೆಗಲ ಮೇಲೆ ಹತ್ತಿ ಬಾಗಿಲ ಕಡೆ ಹೋಗಲು ನೋಡಿದ. ಅವನ ಮೊಣಕೈ ಯಾರದೋ ಬಾಯಿಗೆ ಬಡಿಯಿತು. ಕೂಸುಗಳು ಅರಚಿದವು. "ಯಾರದು? ಯಾರೋ ಅದು?" ಎಂದು ಯಾರೋ ಕಿರುಚಿದರು. ಅವನ ಹಿಮ್ಮಡಿಗೆ ಏನೋ ತಾಗಿತು, ಯಾರದೋ ಕೈಯಿರಬೇಕು, ಮತ್ತೆ ಅವನು ಕೂಗಿದ.

ದಪ್ಪನೆಯ ಎರಡು ತೋಳು ಅವನನ್ನು ಹಿಂದಿನಿಂದ ತಬ್ಬಿ ಹಿಡಿದವು. ಬೆವರಿನ, ಹೊಗೆಸೊಪ್ಪಿನ ವಾಸನೆ. ಆಂಬ್ರೋಸ್.

"ಬಿಡು, ನನ್ನ ಬಿಡು, ಮಣ್ಣು ಬರ್ತಿದೆ!"

"ಸುಮ್ನಿರು. ಸುಮ್ನಿರು ಕ್ಲೆಮ್," ಎಂದು ಆಂಬ್ರೋಸ್ ಅವನ ಕಿವಿಯಲ್ಲಿ ಪಿಸುಗುಟ್ಟಿದ. "ಇಲ್ಲಿ ಸೂರಲ್ಲಿ ಗಾಳಿ ಕೊಳವೆ ಇದೆ. ಮುಖ ಎತ್ತು. ಇನ್ನೂ ಮೇಲೆ, ಹಾಂ." ಆಂಬ್ರೋಸ್ ಅವನ ಗದ್ದ ಹಿಡಿದೆತ್ತಿ, ಕೈಯಲ್ಲಿ ತಡವಿ ಹುಡುಕಿದ ಕಬ್ಬಿಣದ ಕೊಳವೆಯ ಬಾಯಿಗೆ ಅವನ ಮೂಗನ್ನು ಒತ್ತಿದ. "ಎಳ್ಕೋ. ಏನ್ ವಾಸನೆ ಬರುತ್ತೆ ಹೇಳು."

ಕ್ಲೆಮೆಂಟ್ ಉಸಿರೆಳೆದ. ಎದೆ ಅರ್ಧಕ್ಕೆ ಕಚ್ಚಿ ನಿಂತಿತು. ಮತ್ತೆ ಎಳೆದ.

"ಹೇಳು ಮಾರಾಯ, ನಾನು ಕೇಳ್ತಿದೀನಿ."

"ಮಳೆ," ಎಂದ ಕ್ಲೆಮೆಂಟ್. "ಮಳೆ... ಸೀದ ಸಾರು."

"ನನ್ ಹಂಡೆ!" ಎಂದು ಕತ್ತಲಲ್ಲಿ ಜೋಸೆಫೀನ್ ನರಳಿದಳು.

ಯಾರೂ ನಗಲಿಲ್ಲ. ಬಾಗಿಲ ಹತ್ತಿರ ವೆಲ್ಮಾ ಗಂಡನ ಹೆಸರನ್ನು ಮೆಲ್ಲಗೆ, ಮತ್ತೆ ಮತ್ತೆ, ಮಣಿ ಎಣಿಸುವಂತೆ ಹೇಳುತ್ತಿದ್ದಳು. ಹೊರಗಿನ ಸದ್ದು ನಿಂತು, ಆಲಿಕಲ್ಲು ಬಿದ್ದು, ಮಳೆ ಬಂದು, ಕೊನೆಗೆ ಫೇರ್‌ಫ್ಯಾಕ್ಸ್ ಕಡೆಯವರು ಸರಪಳಿ ಕಟ್ಟಿ ತೊಲೆ ಎಳೆದು ಬಾಗಿಲು ತೆರೆಯುವವರೆಗೂ ಕ್ಲೆಮೆಂಟ್ ಆ ಕೊಳವೆಗೆ ಮುಖವೊಡ್ಡಿ ನಿಂತಿದ್ದ. ಕೊರಳು ನೋಯುತ್ತಿತ್ತು. ಪ್ರತಿ ಸಲ ಮಣ್ಣು ಉದುರಿದಾಗಲೂ ಅವನ ಮೈ ಜಿಗಿಯುತ್ತಿತ್ತು, ಪ್ರತಿ ಸಲವೂ ಆಂಬ್ರೋಸನ ತೋಳು ಬಿಗಿಯುತ್ತಿತ್ತು. ಚಡ್ಡಿ ಒದ್ದೆಯಾಗಿದ್ದು ಅವನಿಗೆ ಬೆಳಕಿಗೆ ಬಂದ ಮೇಲೆ ತಿಳಿಯಿತು. ಲಿಯೋಟಾ ತನ್ನ ಕಂಬಳಿಯನ್ನು ಬಿಚ್ಚಿ ಅವನ ಸೊಂಟಕ್ಕೆ ಸುತ್ತಿದಳು.

ಹಜಾರವಿದ್ದ ಜಾಗದಲ್ಲಿ ಅಡಿಪಾಯದ ಕಲ್ಲುಗಳಷ್ಟೇ ಉಳಿದಿದ್ದವು. ಜಗಲಿ ಇರಲಿಲ್ಲ. ಅಲ್ಲೇ ನಿಂತಿದ್ದರೆ ಡ್ವೇನ್, ಅವನ ಗೆಳೆಯರು, ಒಳಗೆ ಊಟಕ್ಕೆ ಕೂತವರು ಯಾರೂ ಇರುತ್ತಿರಲಿಲ್ಲ. ಈ ಮಾತನ್ನು ಆ ದಿನವೇ ಎಲ್ಲರೂ ಆಡಿಕೊಂಡರು: ಕ್ಲೆಮ್ ಎಂದೂ ಇಳಿಯದವನು ಇಳಿದ, ಅದಕ್ಕೇ ನಾವು ಬದುಕಿದೆವು, ಅವನಿಗೆ ಮೊದಲೇ ತಿಳಿದಿತ್ತು.

ಹಾರೆಸ್ ಹಳ್ಳದಾಚೆಯ ಹುಲ್ಲಿನಲ್ಲಿ ಸಿಕ್ಕಿದ. ದೊಡ್ಡಿಯ ಬಾಗಿಲು ತೆರೆದಿತ್ತು. ಕುದುರೆಗಳು ದಿಬ್ಬದ ಮೇಲೆ ಮೇಯುತ್ತಿದ್ದವು.

ಆ ದಿನದಿಂದ ಕ್ಲೆಮೆಂಟನಿಗೆ ಹಿಡಿದದ್ದು ಬೇರೆಯೇ ಭಯ. ಊರಲ್ಲಿ ಯಾರು ಸಿಕ್ಕರೂ, ಇವರು ಕೇಳುತ್ತಾರೆ ಎಂದು ಎದೆ ಹಾರುತ್ತಿತ್ತು. ಕತ್ತಲಲ್ಲಿ ಕೂಗಿದ್ದು ಯಾರು ಎಂಬ ಮಾತು ಬಂದೇ ಬಂತು. ತುಟಿ ಒಡೆದುಕೊಂಡ ಡ್ವೇನನೇ ಕೇಳಿದ, ಹಾರೆಸನ ಮನೆಯ ಅಂಗಳದಲ್ಲಿ, ಎಲ್ಲರ ಮುಂದೆ.

"ಇನ್ಯಾರು, ನಾನೇ," ಎಂದ ಆಂಬ್ರೋಸ್. "ನನ್ ಹೊಟ್ಟೆ ಆ ಮೂಲೆಲಿ ಸಿಕ್ಕಾಕೊಂಡಿತ್ತು. ಕೂಗ್ದೆ. ನಿಂಗೇನೀಗ? ನಿನ್ ಹಲ್ಲು ಲೆಕ್ಕ ಹಾಕ್ಕೋ, ಉಳಿದಿವೆ ತಾನೆ?"

ಜನ ನಕ್ಕರು. ಆಂಬ್ರೋಸ್ ಕ್ಲೆಮೆಂಟನ ಕಡೆ ನೋಡಲೂ ಇಲ್ಲ. ಯಾಕೆ ಹಾಗಂದ ಎಂದು ಕ್ಲೆಮೆಂಟ್ ಆಮೇಲೆ ಬೇಲಿಯ ಹತ್ತಿರ ಅವನನ್ನು ಹಿಡಿದು ಕೇಳಿದ.

"ನಿನ್ನ ಚುನಾವಣೇಲಿ ಸೋಲಿಸ್ಬೇಕು ನಾನು," ಎಂದ ಆಂಬ್ರೋಸ್. "ಆ ಕೂಗನ್ನ ಇಟ್ಕೊಂಡು ಗೆಲ್ಲೋಕೆ ನನಗಿಷ್ಟ ಇಲ್ಲ. ಆ ಕೂಗು ನನ್ ಕನಸಲ್ಲೂ ಬರ್ತಿದೆ ಕ್ಲೆಮ್. ಅದು ಎಲ್ಲಿಂದ ಬಂತೋ ಅಲ್ಲಿ ನಾನಿರ್ಲಿಲ್ಲ. ಬಿಟ್ಬಿಡು."

ಬಿಡಬಹುದಿತ್ತು. ಲಿಯೋಟಾ ಕೂಡ ಒತ್ತಾಯ ಮಾಡಲಿಲ್ಲ. ಆದರೆ ಹಾರೆಸನನ್ನು ಮಣ್ಣುಮಾಡಿದ ನಾಲ್ಕನೆಯ ದಿನ, ವೆಲ್ಮಾಳ ಮನೆಯ ಊಟದಲ್ಲಿ, ಮನೆತನದ ಹಿರಿಯನಾಗಿ ಕ್ಲೆಮೆಂಟ್ ಎದ್ದು ಮಾತಾಡಬೇಕಿತ್ತು. ತಂಗಿ ಎದುರಿಗೆ ಕೂತಿದ್ದಳು, ಕೂದಲು ಬಿಚ್ಚಿ, ಕೈ ಮಡಿಲಲ್ಲಿಟ್ಟು. ಹಾರೆಸ್ ಒಳ್ಳೆಯವನಾಗಿದ್ದ ಎಂದು ಅವನು ಶುರುಮಾಡಿದ. ಕುದುರೆಗಳಿಗಾಗಿ ಜೀವ ಕೊಟ್ಟ ಧೈರ್ಯವಂತ ಎಂದು ಹೇಳಲು ಹೊರಟ. ಧೈರ್ಯವಂತ ಎಂಬ ಮಾತು ಬಾಯಿಗೆ ಬಂದು ಅಲ್ಲೇ ಸಿಕ್ಕಿಕೊಂಡಿತು.

"ಕೂಗಿದ್ದು ಆಂಬ್ರೋಸ್ ಅಲ್ಲ," ಎಂದ. "ನಾನು."

ಅವನು ಕೈಯನ್ನು ಮೇಜಿಗೆ ಒತ್ತಿಹಿಡಿದ. ಇಟಲಿಯ ಗುಂಡಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ವಿಲ್ಬರನ ಕೈ, ಗೋಡೆಯ ಪಕ್ಕದ ಬೆಳಿಗ್ಗೆ, ಜಗಲಿಯ ಕಂಬ. "ನಾನು ಗಾಳಿಗೆ ಎದುರು ನಿಂತಿದ್ದಲ್ಲ. ನೆಲದೊಳಕ್ಕೆ ಹೋಗೋಕೆ ಹೆದ್ರಿ ಹೊರಗೆ ನಿಂತಿದ್ದೆ. ಅದನ್ನ ನೀವು ಬೇರೆ ಥರ ತಿಳ್ಕೊಂಡ್ರಿ, ನಾನೂ ಸುಮ್ನಿದ್ದೆ. ಹಾರೆಸ್ ನನ್ನ ನೋಡಿ ನಿಲ್ಲೋದು ಕಲ್ತ. ಅವತ್ತು ಟೈಮ್ ಇದೆಯಾ ಅಂತ ನನ್ನ ಕೇಳ್ದ. ನಾನು ಹೂಂ ಅಂತ ತಲೆಯಾಡಿಸ್ದೆ. ಬಾಯಿ ಬಿಟ್ರೆ ಹೆದರಿದೀನಿ ಅಂತ ಗೊತ್ತಾಗ್ತಿತ್ತು, ಅದಕ್ಕೆ ತಲೆಯಾಡಿಸ್ದೆ, ವೆಲ್ಮಾ."

ವೆಲ್ಮಾ ಅಣ್ಣನನ್ನೇ ನೋಡುತ್ತಿದ್ದಳು. ಆಮೇಲೆ ಎದ್ದಳು. ಕುರ್ಚಿಯನ್ನು ಜೋಪಾನವಾಗಿ ಮೇಜಿನ ಕೆಳಗೆ ಸರಿಸಿ, ಹೊರಗೆ ಹೋದಳು. ತನ್ನ ಮನೆಯ ಊಟದಿಂದ ತಾನೇ ಎದ್ದುಹೋದಳು.

ಜೋಸೆಫೀನ್ ತನ್ನ ಕೋಲನ್ನು ನೆಲಕ್ಕೆ ಕುಟ್ಟಿದಳು. "ಕೂತ್ಕೋ ಮಗಾ. ತಿನ್ನು."

"ಆ ಹಾಡು ಇನ್ಮೇಲೆ ಹಾಡ್ಬೇಡಿ ಅತ್ತೆ. ಅದು ಸುಳ್ಳು."

"ನೀನ್ಯಾರೋ ಅದನ್ನ ಬೇಡ ಅನ್ನೋಕೆ? ಕಟ್ಟಿದ್ದು ನಮ್ಮಪ್ಪನ ಕಾಲದವ್ರು. ಅದರಲ್ಲಿ ಹೆದರ್ಲಿಲ್ಲ ಅಂತ ಎಲ್ಲೈತೆ? ನಿಂತಿದ್ದ ಅಂತೈತೆ. ನಿಂತಿದ್ಯೋ ಇಲ್ವೋ?" ಅವಳು ಸಿಟ್ಟಿನಿಂದ ಅವನ ತಟ್ಟೆಗೆ ರೊಟ್ಟಿ ಹಾಕಿದಳು. "ತಂಗಿ ವಿಷ್ಯ ಬೇರೆ. ಅದಕ್ಕೆ ನನ್ನ ಹತ್ರ ಮದ್ದಿಲ್ಲ."

ಕ್ಲೆಮೆಂಟ್ ಪಾವ್‌ಹಸ್ಕಾಕ್ಕೆ ಹೋಗಿ ಸ್ಪರ್ಧೆಯಿಂದ ಹೆಸರು ತೆಗೆಸಿದ. ಆಂಬ್ರೋಸ್ ಉಪಮುಖ್ಯಸ್ಥನಾದ. ಸೂತಕದ ವರ್ಷವಾದ್ದರಿಂದ ಆ ಜೂನ್‌ನಲ್ಲಿ ಮನೆಯವರು ಯಾರೂ ಕುಣಿಯಲಿಲ್ಲ. ನಗಾರಿಯ ಸದ್ದನ್ನು ಕ್ಲೆಮೆಂಟ್ ಹಿತ್ತಲಲ್ಲಿ ಕೂತು ಕೇಳಿದ. ಕೆಲವರು ಅವನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಕೆಲವರು, ಅದರಲ್ಲೂ ಬೇರೆ ಬೇರೆ ಯುದ್ಧಗಳಿಂದ ಬಂದವರು, ಇದ್ದಕ್ಕಿದ್ದಂತೆ ಅವನ ಜಗಲಿಗೆ ಬಂದು, ಏನೂ ಮಾತಾಡದೆ ಕಾಫಿ ಕುಡಿದು ಹೋಗತೊಡಗಿದರು. ವಿಯೆಟ್ನಾಮಿನಿಂದ ಬಂದ ಒಬ್ಬ ಮೂರನೇ ಸಲ ಬಂದಾಗ, "ನಂಗೆ ಹೆಲಿಕಾಪ್ಟರ್ ಸದ್ದು, ಚಿಕ್ಕಪ್ಪ," ಎಂದಷ್ಟೇ ಹೇಳಿ ಎದ್ದುಹೋದ.

ಹೊಸ ಹಜಾರದ ಪಕ್ಕದಲ್ಲಿ ಆಂಬ್ರೋಸನ ಆಳುಗಳು ಹೊಸ ನೆಲಮಾಳಿಗೆ ತೋಡಿದರು. ಎರಡು ಕಡೆ ಬಾಗಿಲು, ಅಗಲವಾದ ಮೆಟ್ಟಿಲು, ಸೂರಿನಲ್ಲಿ ನಾಲ್ಕಾರು ಗಾಳಿ ಕೊಳವೆ. "ನಿನ್ ಮೂಗಿಗೊಂದು, ನನ್ ಹೊಟ್ಟೆಗೊಂದು," ಎಂದ ಆಂಬ್ರೋಸ್. ಕ್ಲೆಮೆಂಟ್ ಅದರೊಳಗೆ ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು, ಇಳಿಯುವುದನ್ನು ಅಭ್ಯಾಸ ಮಾಡಲು ನೋಡಿದ. ಮೂರನೇ ಮೆಟ್ಟಿಲಿಗೆ ಬೆವರು ಕಿತ್ತುಕೊಂಡು ಬಂತು. ವಾಪಸ್ಸು ಬಂದ. ಮಾರನೆಯ ದಿನ ಮತ್ತೆ ಹೋದ, ಮತ್ತೆ ಮೂರನೇ ಮೆಟ್ಟಿಲು.

ಮುಂದಿನ ವಸಂತದಲ್ಲಿ ಮೊದಲ ಸಲ ಆಕಾಶ ಕಪ್ಪಾದಾಗ ಅವನು ಸೈರನ್ನಿಗೆ ಕಾಯಲಿಲ್ಲ. ಟ್ರಕ್ಕು ಹತ್ತಿ ಮನೆಮನೆಗೂ ಹೋದ. ಹಾರ್ನು ಹೊಡೆದು, "ಏಳ್ರಿ, ಇಳೀರಿ! ನಂಗೆ ಹೆದ್ರಿಕೆ ಆಗ್ತಿದೆ, ನಡೀರಿ!" ಎಂದು ಕೂಗಿದ. ದನಿ ನಿಜಕ್ಕೂ ಕೀರಲಾಗಿತ್ತು. "ಬಂದ್ರಪ್ಪ ಹೆದರುಪುಕ್ಲ ಚಿಕ್ಕಪ್ಪ," ಎಂದು ಡ್ವೇನನ ಮನೆಯಲ್ಲಿ ಯಾರೋ ಅಂದರು. ಅಂದವರೂ ಚಪ್ಪಲಿ ಮೆಟ್ಟಿಕೊಂಡು ಹೊರಟರು. ವೆಲ್ಮಾಳ ಮನೆಯ ಮುಂದೆ ಅವನು ಹಾರ್ನು ಹೊಡೆಯಲಿಲ್ಲ, ಇಳಿದು ಹೋಗಿ ಬಾಗಿಲು ತಟ್ಟಿದ. ವರ್ಷದಿಂದ ಅವಳು ಅವನೊಡನೆ ಮಾತಾಡಿರಲಿಲ್ಲ. ಬಾಗಿಲು ತೆರೆಯಿತು. ಅವಳು ಕಂಬಳಿ ಹೊದ್ದು ಸಿದ್ಧವಾಗಿದ್ದಳು. ಟ್ರಕ್ಕಿನ ಹಿಂಭಾಗಕ್ಕೆ ಹತ್ತಿ ಕೂತಳು, ಮುಂದೆ ಅವನ ಪಕ್ಕದಲ್ಲಿ ಜಾಗವಿದ್ದರೂ.

ಎಲ್ಲರೂ ಇಳಿದ ಮೇಲೆ ಕ್ಲೆಮೆಂಟ್ ಕೊನೆಗೆ ಇಳಿದ, ಎರಡು ಮೆಟ್ಟಿಲು ಮಾತ್ರ. ಬಾಗಿಲನ್ನು ಮುಚ್ಚಿದ, ಆದರೆ ಅಗುಳಿ ಹಾಕಲು ಕೈ ಬರಲಿಲ್ಲ. ಒಂದು ಬೆರಳಷ್ಟು ಸಂದು ಬಿಟ್ಟು, ಹಿಡಿಕೆಯನ್ನು ಎರಡು ಕೈಯಲ್ಲಿ ಎಳೆದು ಹಿಡಿದ. ಆ ಸಂದಿನಿಂದ ತಣ್ಣನೆಯ ಗಾಳಿ ಸಿಳ್ಳೆ ಹಾಕಿತು. ಮೈಯೆಲ್ಲ ಗಡಗಡ ನಡುಗುತ್ತಿತ್ತು. ನಡುಗುವುದನ್ನು ಕೆಳಗೆ ಕೂತ ಎಲ್ಲರೂ ಲಾಂದ್ರದ ಬೆಳಕಿನಲ್ಲಿ ನೋಡುತ್ತಿದ್ದರು. ಅವನಿಗೆ ಅದನ್ನು ಮುಚ್ಚಿಡಲು ಶಕ್ತಿ ಉಳಿದಿರಲಿಲ್ಲ.

ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬಂದು ಅವನ ಕೆಳಗಿನ ಮೆಟ್ಟಿಲಲ್ಲಿ ಕೂತರು. ವೆಲ್ಮಾ. ಅವಳು ಅವನ ಮುಖ ನೋಡಲಿಲ್ಲ.

"ಹೊರಗೆ ಏನ್ ಕಾಣ್ತಿದೆ?" ಎಂದು ಕೇಳಿದಳು.

ಅವನು ಸಂದಿಗೆ ಕಣ್ಣಿಟ್ಟ. "ಬರೀ ಮೋಡ. ಉತ್ತರಕ್ಕೆ ಹೋಗ್ತಿರೋ ಹಾಗಿದೆ. ಸರಿಯಾಗಿ ಗೊತ್ತಾಗ್ತಿಲ್ಲ, ವೆಲ್ಮಾ."

"ಸರಿ. ಗೊತ್ತಾದ್ರೆ ಹೇಳು," ಎಂದು ಅವಳು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಅವನು ಹಿಡಿಕೆ ಬಿಡದೆ ನೋಡುತ್ತಲೇ ನಿಂತ.